ಸಹಾಯ ಬೇಕು: ಯೆರೆಮೀಯ 6:29-30ರ ಅರ್ಥ

ಎಲ್ಲರಿಗೂ ವಂದನೆಗಳು. ಕಷ್ಟದಿಂದ ಹೃದಯಶುದ್ಧಿ ಎಂಬ ಬೈಬಲ್ ಅಧ್ಯಯನಕ್ಕೆ ದೇವರನ್ನು ಬೆಳ್ಳಿ ಶುದ್ಧಮಾಡುವವನಿಗೆ ಹೋಲಿಸುವ ಮಲಾಕಿಯ 3:3, ನಂಬಿಕೆಯನ್ನು ಬೆಂಕಿಯಲ್ಲಿ ಶೋಧಿಸಿದ ಚಿನ್ನಕ್ಕೆ ಹೋಲಿಸುವ 1 ಪೇತ್ರ 1:6-7 ಸುಲಭವಾಗಿ ಒದಗುತ್ತವೆ. ತೊಡಕಿರುವುದು ಯೆರೆಮೀಯನಲ್ಲಿ. ತಿದಿ ಊದಿ ಸೀಸ ತೀರಿದರೂ ಕಲ್ಮಷ ಹೋಗಲಿಲ್ಲ, ಬೆಳ್ಳಿ (ಅಂದರೆ ಆ ಜನ) ತಿರಸ್ಕೃತವಾಯಿತು!

ಹಳೆಯ ಕ್ರಮದಲ್ಲಿ ಬೆಳ್ಳಿಗೆ ಸೀಸ ಬೆರೆಸಿ, ಮೂಳೆಬೂದಿಯ ಮೂಸೆಯಲ್ಲಿ ಕರಗಿಸಿ ಗಾಳಿ ಊದುತ್ತಿದ್ದರು. ಶುದ್ಧ ಬೆಳ್ಳಿ ಕರಗುವುದು ಸುಮಾರು 961 ಡಿಗ್ರಿ ಸೆಲ್ಸಿಯಸ್‌ಗೆ. ಸೀಸ ಗಾಳಿಯಿಂದ ಭಸ್ಮವಾಗಿ, ತಾಮ್ರದಂಥ ಬೆರಕೆಯನ್ನೂ ಎಳೆದುಕೊಂಡು ಮೂಸೆಗೆ ಇಂಗುತ್ತದೆ. ಸೀಸ ಸಾಲದಿದ್ದರೆ ಎಷ್ಟು ಊದಿದರೂ ತಾಮ್ರ ಪೂರ್ತಿ ಹೋಗದು. ಅಂದರೆ ಬರೀ ಬೆಂಕಿ ಸಾಲದು.

ಹಾಗಾದರೆ ಸೀಸವನ್ನು ಪಶ್ಚಾತ್ತಾಪವೆಂದು ಓದಬಹುದೇ, ಅಥವಾ ಅದು ವಚನದ ಮೇಲೆ ಹೊರಿಸಿದ ಅರ್ಥವೇ? ಹೀಬ್ರೂ ಬಲ್ಲವರು ದಯವಿಟ್ಟು ತಿಳಿಸಿ. ಬೆಳ್ಳಿಯಲ್ಲಿ ತನ್ನ ಮುಖ ಕಂಡಾಗ ಅದು ಶುದ್ಧವಾಯಿತೆಂದು ಅಕ್ಕಸಾಲಿಗ ತಿಳಿಯುವ ಕಥೆ ಮಾತ್ರ ಬೇಡ, ಅದು ಬೈಬಲಿನಲ್ಲಿಲ್ಲ.