ಕಂಪನಿ ಕಳಿಸಿದ ‘ಸುಸ್ಥಿರತೆ’ ಫಾರಂಗೆ ಸಹಿ ಹಾಕಬಹುದಾ?

ಪ್ರಶ್ನೆ (ಚಳ್ಳಕೆರೆ): ಆಡಿಟರ್ ಸರ್, ನಮ್ಮದು ಅಪ್ಪಾಜಿ ಕಾಲದ ಶೇಂಗಾ ಎಣ್ಣೆ ಮಿಲ್, ಪಾರ್ಟ್‌ನರ್‌ಶಿಪ್. ನಮ್ಮಿಂದ ಎಣ್ಣೆ ತಗೊಳ್ಳೋ ದೊಡ್ಡ ಕಂಪನಿಯವರು ಈ ಸಲ ಫಾರಂ ಕಳಿಸಿದ್ದಾರೆ. ಕರೆಂಟು, ಡೀಸೆಲ್, ನೀರಿನ ಲೆಕ್ಕ ಕೊಡಿ, ಬಾಲಕಾರ್ಮಿಕರಿಲ್ಲ ಅಂತ ಬರೆದುಕೊಡಿ, ನಿಮ್ಮ ‘ಸುಸ್ಥಿರತೆ ನೀತಿ’ (ಪರಿಸರ, ಕೆಲಸಗಾರರ ವಿಚಾರದಲ್ಲಿ ಹೇಗೆ ನಡೆದುಕೊಳ್ತೀವಿ ಅನ್ನೋ ಬರಹ) ಲಗತ್ತಿಸಿ ಅಂತಿದ್ದಾರೆ. ನಾವೂ ಲಾಭದಲ್ಲಿ ಶೇ. 2 ಸಿಎಸ್‌ಆರ್‌ಗೆ, ಅಂದ್ರೆ ಕಂಪನಿಗಳು ಸಮಾಜದ ಕೆಲಸಕ್ಕೆ ಮಾಡೋ ಖರ್ಚಿಗೆ, ತೆಗೆದಿಡಬೇಕಾ? ಒಬ್ಬರು ರೆಡಿ ನೀತಿ ಬರೆದುಕೊಡ್ತೀನಿ ಅಂತಾರೆ. ತಗೊಂಡು ಸಹಿ ಹಾಕಿಬಿಡಲಾ?

ಉತ್ತರ (ಲೆಕ್ಕಪರಿಶೋಧಕರು, ದಾವಣಗೆರೆ): ಸಿಎಸ್‌ಆರ್ ನಿಮಗಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಕಂಪನಿಗಳಿಗೆ ಮಾತ್ರ. ಅದರಲ್ಲೂ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ಮುಟ್ಟಿದವರಿಗೆ.

ಫಾರಂ ಬಂದಿದ್ದಕ್ಕೆ ಕಾರಣ ಬೇರೆ. ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಲೆಕ್ಕದಲ್ಲಿ ಮೊದಲ 1,000 ಕಂಪನಿಗಳು, ಷೇರುಪೇಟೆ ನಿಯಂತ್ರಿಸೋ ಸೆಬಿಯ ನಿಯಮದಂತೆ, 2022-23ರಿಂದ ಬಿಆರ್‌ಎಸ್‌ಆರ್ ಅನ್ನೋ ಹೊಣೆಗಾರಿಕೆ ಮತ್ತು ಸುಸ್ಥಿರತೆ ವರದಿ ಕೊಡಲೇಬೇಕು. ಮಾಲು ಪೂರೈಸುವವರ ವಿಚಾರವೂ ಅದರಲ್ಲಿ ಬರುತ್ತೆ.

ರೆಡಿ ನೀತಿ ಖಂಡಿತ ಬೇಡ. ನಿಮ್ಮ ಮಿಲ್ಲಿನಲ್ಲಿ ನಡೆಯದ್ದನ್ನೆಲ್ಲ ನಡೆಯುತ್ತೆ ಅಂತ ನಿಮ್ಮ ಸಹಿ ಹಾಕಿ ಒಪ್ಪಿಕೊಂಡ ಹಾಗಾಗುತ್ತೆ. ಒಂದೇ ಪುಟ ಸಾಕು, ನೀವೇ ಬರೆಯಿರಿ. ಬೆಸ್ಕಾಂ ಬಿಲ್ಲಿನ ಯೂನಿಟ್ ಕೂಡಿಸಿ. ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತೆ ಅಂತ ಲೆಕ್ಕ ಹಿಡಿಯಿರಿ. ಜನರೇಟರ್ ಡೀಸೆಲ್ ಲೀಟರ್‌ಗೆ ಸುಮಾರು 2.7 ಕೆ.ಜಿ. ಬಾಯ್ಲರ್‌ಗೆ ಶೇಂಗಾ ಹೊಟ್ಟು ಹಾಕ್ತಿದ್ದರೆ ಅದನ್ನು ಡೀಸೆಲ್ ಜೊತೆ ಸೇರಿಸಬೇಡಿ, ಬೆಳೆಯ ಉಳಿಕೆಯ ಇಂಗಾಲವನ್ನು ಬೇರೆಯೇ ತೋರಿಸಬೇಕು. ಬೋರ್‌ವೆಲ್‌ಗೆ ಮೀಟರ್ ಕೂರಿಸಿ. ಕಂಪನಿ ಕೇಳದಿದ್ದರೂ ಚಳ್ಳಕೆರೆ ಸೀಮೆಯಲ್ಲಿ ನೀರಿನ ಲೆಕ್ಕ ನಮಗೇ ಬೇಕು.

ನನಗೆ ಚಿಂತೆ ಇರೋದು ಬೀಜ ಆರಿಸೋ ಶೆಡ್‌ದು. ರಜೆ ದಿನ ತಾಯಿ ಜೊತೆ ಬಂದ ಮಗು ಸುಮ್ಮನೆ ಕೂರೋದಿಲ್ಲ, ಪಕ್ಕದಲ್ಲಿ ಮೊರ ಹಿಡಿದು ತಾನೂ ಆರಿಸುತ್ತೆ. 14 ವರ್ಷದೊಳಗಿನ ಮಗು ನಿಮ್ಮ ಶೆಡ್‌ನಲ್ಲಿ ಕೆಲಸ ಮಾಡಿದರೆ ಕಾಯ್ದೆ ಪ್ರಕಾರ ತಪ್ಪು, ನೀವು ಬರೆದುಕೊಟ್ಟಿದ್ದೂ ಸುಳ್ಳಾಗುತ್ತೆ. ಮಕ್ಕಳಿಗೆ ಬೇರೆ ಕೋಣೆ ಮಾಡಿ, ನೋಡಿಕೊಳ್ಳೋಕೆ ಒಬ್ಬರನ್ನಿಡಿ. ಅದಾದ ಮೇಲೆ ಸಹಿ ಹಾಕಿ.

ಪ್ರಶ್ನೆ: ಆರಿಸೋ ಹೆಣ್ಣುಮಕ್ಕಳ ಬಟವಾಡೆ ಮೇಸ್ತ್ರಿ ಕೈಗೆ ಕೊಡ್ತೀವಿ ಸರ್. ನಮ್ಮ ಮಸ್ಟರ್‌ನಲ್ಲಿ (ಹಾಜರಿ ಪುಸ್ತಕದಲ್ಲಿ) ಅವರ ಹೆಸರಿಲ್ಲ.

ಉತ್ತರ: ಹಾಗಿದ್ದರೆ ‘ಕನಿಷ್ಠ ಕೂಲಿ ಕೊಡುತ್ತೇವೆ’ ಅನ್ನೋ ಕಡೆ ಈಗಲೇ ಟಿಕ್ ಹಾಕಬೇಡಿ. ಮೇಸ್ತ್ರಿ ಎಷ್ಟು ಹಿಡಿದುಕೊಳ್ತಾನೆ ಅಂತ ನಿಮಗೇ ಗೊತ್ತಿಲ್ಲ. ಒಬ್ಬೊಬ್ಬರ ಹೆಸರೂ ಬರೆದುಕೊಳ್ಳಿ, ಕೂಲಿ ಅವರವರ ಖಾತೆಗೇ ಹಾಕಿ, ಮೇಸ್ತ್ರಿ ಕಮಿಷನ್ ಬೇರೆ ಕೊಡಿ. ಇವರೂ ಸೇರಿ 20 ಜನ ಆದರೆ ಪಿಎಫ್ ಬರುತ್ತೆ. ಖರ್ಚು ಏರುತ್ತೆ, ನಿಜ. ಆದರೆ ದಿನವಿಡೀ ಕೂತು ಆರಿಸಿದವರ ದುಡ್ಡು ಅದು.

ಪ್ರಶ್ನೆ: ಇಷ್ಟೆಲ್ಲ ಕೇಳೋ ಕಂಪನಿ ನಮ್ಮ ಬಿಲ್ ಮೂರು ತಿಂಗಳು ಎಳೆಯುತ್ತಲ್ಲ ಸರ್?

ಉತ್ತರ: ಅದನ್ನೂ ಕೇಳಿ, ಸಂಕೋಚ ಬೇಡ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಇರೋ ಸೂಕ್ಷ್ಮ ಅಥವಾ ಸಣ್ಣ ಘಟಕ ನಿಮ್ಮದಾದರೆ, ಕರಾರು ಏನೇ ಇರಲಿ, 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಫಾರಂ ಕಳಿಸುವಾಗ ಬಾಕಿ ಬಿಲ್‌ಗಳ ಪಟ್ಟಿ, ಉದ್ಯಮ್ ಸರ್ಟಿಫಿಕೇಟ್ ಎರಡನ್ನೂ ಜೊತೆಗಿಟ್ಟು ಕಳಿಸಿ.