ಸಹಾಯ ಬೇಕು: ಲಾನ್ ಮೂವರ್ ಎಂಜಿನ್ ಪವರ್ ಜಾಸ್ತಿ ಮಾಡುವುದು ಹೇಗೆ?

ಮನೆಯಲ್ಲಿ 160 ಸಿಸಿ ಫೋರ್ ಸ್ಟ್ರೋಕ್ ಲಾನ್ ಮೂವರ್ ಇದೆ. ಒಣ ಹುಲ್ಲಿಗೆ ತೊಂದರೆಯಿಲ್ಲ, ಮಳೆ ಬಿದ್ದು ದಟ್ಟವಾಗಿ ಬೆಳೆದ ಹುಲ್ಲಿಗೆ ನುಗ್ಗಿಸಿದರೆ ಏದುಸಿರು ಬಿಟ್ಟು ಆಫ್ ಆಗುತ್ತದೆ. ಬ್ಲೇಡ್ ಸಾಣೆ ಹಿಡಿಸಿದೆ, ಪ್ಲಗ್ ಬದಲಿಸಿದೆ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ, ವಾಲ್ವ್ ಗ್ಯಾಪ್ ಕೂಡ ನೋಡಿಸಿದೆ. ಮೆಕ್ಯಾನಿಕ್, ಗವರ್ನರ್ (ಎಂಜಿನ್ ವೇಗವನ್ನು ಹಿಡಿತದಲ್ಲಿಡುವ ಭಾಗ) ತೆಗೆದುಬಿಡೋಣ ಅನ್ನುತ್ತಾರೆ. 3600 ಆರ್‌ಪಿಎಂ ದಾಟಿ ಓಡಿಸಿದರೆ ಕನೆಕ್ಟಿಂಗ್ ರಾಡ್ ಮುರಿಯಬಹುದು, ಬ್ಲೇಡ್ ಚೂರಾಗಿ ಕಾಲಿಗೆ ಬಡಿದರೆ ಕಥೆ ಮುಗೀತು ಅಲ್ವಾ! ನನಗೆ ಅರ್ಥವಾಗದಿರುವುದು ಇಷ್ಟೇ, ಲೋಡ್ ಬಿದ್ದಾಗ ಗವರ್ನರ್ ತಾನೇ ಥ್ರಾಟಲ್ (ಎಂಜಿನ್‌ಗೆ ಗಾಳಿ-ಪೆಟ್ರೋಲ್ ಬಿಡುವ ಬಾಗಿಲು) ಪೂರ್ತಿ ತೆರೆಯುತ್ತದೆ, ಆಗಲೂ ಎಂಜಿನ್ ನಿಲ್ಲುತ್ತಿದೆ ಅಂದಮೇಲೆ ಅದನ್ನು ತೆಗೆದು ಲಾಭವೇನು? ಗವರ್ನರ್ ಹಾಗೇ ಬಿಟ್ಟು, ಗಾಳಿ ಜಾಸ್ತಿ ಎಳೆಯುವ ಫಿಲ್ಟರ್ ಮತ್ತು ಒಂದು ಸೈಜ್ ದೊಡ್ಡ ಮೇನ್ ಜೆಟ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹರಿಯುವ ಸಣ್ಣ ತೂತಿನ ಭಾಗ) ಹಾಕಿದರೆ ಟಾರ್ಕ್ (ತಿರುಗಿಸುವ ಬಲ) ಸಿಗುತ್ತದಾ, ಇಲ್ಲ ಸುಮ್ನೆ ಪೆಟ್ರೋಲ್ ಕುಡಿಯುತ್ತದಾ? ಮಾಡಿ ನೋಡಿದವರು ಹೇಳಿ.