ಫ್ಯೂಷನ್ ಬ್ಯಾಂಡಿನಲ್ಲಿ ಐದು ತಂತಿಯ ಬ್ಯಾಂಜೋ: ಬ್ಲೂಗ್ರಾಸ್ ವಾಸನೆ ಹೋಗುತ್ತಿಲ್ಲ

ಪ್ರಶ್ನೆ: ಐದುತಂತಿ

ವಾದ್ಯ: ರೆಸೊನೇಟರ್ (ಹಿಂಬದಿಗೆ ಕೂರಿಸಿದ ಬಟ್ಟಲು) ಇರುವ ಐದು ತಂತಿಯ ಬ್ಯಾಂಜೋ, ಓಪನ್ ಜಿ ಶ್ರುತಿ. ಐದನೇ ತಂತಿಯಿಂದ ಒಂದನೆಯದಕ್ಕೆ ಜಿ-ಡಿ-ಜಿ-ಬಿ-ಡಿ. ಜೊತೆಗೆ ಬಾಸ್ ಗಿಟಾರ್, ಡ್ರಮ್ಸ್, ಕೀಬೋರ್ಡ್. ಸ್ಕ್ರಗ್ಸ್ ಶೈಲಿಯ ರೋಲ್‌ಗಳು, ಅಂದರೆ ಮೂರು ಬೆರಳಿನಿಂದ ಸರದಿಯಂತೆ ಮೀಟುವ ಸಾಲುಗಳು, 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಎಣಿಕೆ) ತಡವರಿಸದೆ ಬರುತ್ತವೆ. ತೊಂದರೆ ಇರುವುದು ಬೇರೆ ಕಡೆ:

ಏನು ನುಡಿಸಿದರೂ ಜಾಜ್ ತುಕಡಿಯ ಮೇಲೆ ಬ್ಲೂಗ್ರಾಸ್ (ಅಮೆರಿಕದ ಹಳ್ಳಿಗಾಡಿನ ತಂತಿವಾದ್ಯ ಸಂಗೀತ) ಅಂಟಿಸಿದಂತೆ ಕೇಳುತ್ತದೆ. ಕಾರ್ಡ್ ಬದಲಾದಾಗ ಐದನೇ ತಂತಿಯ ಜಿ ಕೆಲವೊಮ್ಮೆ ಕೂರುತ್ತದೆ, ಕೆಲವೊಮ್ಮೆ ಹಲ್ಲು ಜುಮ್ಮೆನ್ನಿಸುತ್ತದೆ. ಏಳು ಎಣಿಕೆಯ ತಾಳದಲ್ಲಿ ರೋಲ್ ಎರಡೇ ಆವರ್ತಕ್ಕೆ ದಾರಿ ತಪ್ಪುತ್ತದೆ. ವೇದಿಕೆಯಲ್ಲಿ ಡ್ರಮ್ಸ್‌ಗೆ ಸಮನಾಗಿ ವಾಲ್ಯೂಮ್ ಏರಿಸಿದರೆ ಊಳಿಡಲು ಶುರು. ಎಲ್ಲಿಂದ ಹಿಡಿಯಬೇಕು?

ಉತ್ತರ: ಮೈನರ್‌ಒಂಬತ್ತು

ಮೊದಲು ಐದನೇ ತಂತಿಯ ಲೆಕ್ಕ ಮುಗಿಸಿ. ಅದು ನಮ್ಮ ತಂಬೂರಿಯಂತೆ, ಹಾಡು ಎಲ್ಲಿಗೆ ಹೋದರೂ ತಾನು ಕದಲುವುದಿಲ್ಲ. ಜಿ, ಸಿ, ಡಿ ಕಾರ್ಡ್‌ಗಳ ಸುತ್ತ ತಿರುಗುವ ಹಾಡಿಗೆ ಅದರಿಂದ ತೊಂದರೆಯಿಲ್ಲ. ಜಾಜ್‌ನಲ್ಲಿ ಎರಡೆರಡು ಎಣಿಕೆಗೆ ಕಾರ್ಡ್ ಹೊರಳುವಾಗ ಆ ಜಿ ಪ್ರತಿ ಕಾರ್ಡಿನಲ್ಲೂ ಎಷ್ಟನೇ ಸ್ವರವಾಗುತ್ತದೆ ಎಂದು ಗೊತ್ತಿರಲೇಬೇಕು.

ಸಿ ಮೇಜರ್‌ನ ಎರಡು-ಐದು-ಒಂದು ನಡೆಯಿಂದ, ಅಂದರೆ ಸ್ಕೇಲಿನ ಎರಡನೇ, ಐದನೇ, ಒಂದನೇ ಸ್ವರಗಳ ಮೇಲೆ ಕಟ್ಟಿದ ಕಾರ್ಡ್‌ಗಳ ಸಾಲಿನಿಂದ ಶುರು ಮಾಡಿ. ನಾಲ್ಕನೇ ತಂತಿಯಿಂದ ಒಂದನೆಯದರ ಕಡೆಗೆ ಫ್ರೆಟ್ ಸಂಖ್ಯೆಗಳು:

ಡಿ ಮೈನರ್ 9: 3-2-1-2 (ಎಫ್, ಎ, ಸಿ, ಇ)
ಜಿ 13: 3-2-0-2 (ಎಫ್, ಎ, ಬಿ, ಇ)
ಸಿ ಮೇಜರ್ 9: 2-0-0-0 (ಇ, ಜಿ, ಬಿ, ಡಿ)

ಮೂರರಲ್ಲೂ ಮೂಲಸ್ವರ ಇಲ್ಲ, ಅದನ್ನು ಬಾಸ್‌ನವರಿಗೆ ಬಿಟ್ಟುಕೊಡಿ. ಮೊದಲ ಕಾರ್ಡಿನಿಂದ ಎರಡನೆಯದಕ್ಕೆ ಹೋಗುವಾಗ ಕದಲುವುದು ಒಂದೇ ಬೆರಳು, ಸಿ ಇದ್ದದ್ದು ಬಿ ಆಗುತ್ತದೆ. ಅಷ್ಟರಲ್ಲೇ ಕಾರ್ಡ್ ಬದಲಾಯಿತೆಂದು ಕಿವಿಗೆ ಗೊತ್ತಾಗುತ್ತದೆ. ಐದನೇ ತಂತಿಯ ಜಿ ಇಲ್ಲಿ ಕ್ರಮವಾಗಿ ಹನ್ನೊಂದನೆಯದು, ಮೂಲ, ಐದನೆಯದು. ಮೂರೂ ಕಡೆ ಸಲೀಸು. ಇದೇ ಆಕಾರಗಳನ್ನು ಐದು ಫ್ರೆಟ್ ಮೇಲಕ್ಕೆ ಒಯ್ದರೆ ಎಫ್ ಮೇಜರ್: 8-7-6-7, 8-7-5-7, 7-5-5-5. ಅಲ್ಲೂ ಜಿ ಮೂಲ, ಐದನೆಯದು, ಒಂಬತ್ತನೆಯದು. ಬಿ ಫ್ಲಾಟ್ ಮತ್ತು ಇ ಫ್ಲಾಟ್‌ನಲ್ಲಿಯೂ ಹೀಗೇ ಒಗ್ಗುತ್ತದೆ. ಹಿತ್ತಾಳೆ ವಾದ್ಯದವರಿಗೆ ಇಷ್ಟವಾದ ಶ್ರುತಿಗಳೇ ಬ್ಯಾಂಜೋಗೂ ಒದಗಿಬಂದದ್ದು ನಮ್ಮ ಪುಣ್ಯ.

ಹಲ್ಲು ಜುಮ್ಮೆನ್ನುವುದು ಶಾರ್ಪ್ ಕಡೆಯ ಶ್ರುತಿಗಳಲ್ಲಿ. ಡಿ ಮೇಜರ್ 7ರಲ್ಲಿ ಜಿ ಎಂದರೆ ಎಫ್ ಶಾರ್ಪ್‌ನ ನೆತ್ತಿಯ ಮೇಲೆ ಅರ್ಧಸ್ವರ ಕೂತಂತೆ. ಇ ಮೇಜರ್‌ನಲ್ಲಿ ಅದು ಮೈನರ್ ಮೂರನೆಯದು, ಎ ಮೇಜರ್ 7ರಲ್ಲಿ ಏಳನೆಯದಕ್ಕೇ ಡಿಕ್ಕಿ. ಆಗ ಐದನೇ ತಂತಿಯನ್ನು ಕೊಕ್ಕೆಗೆ (ಕುತ್ತಿಗೆಗೆ ಹೊಡೆದ ಸಣ್ಣ ಮೊಳೆಗೆ) ಸಿಕ್ಕಿಸಿ: ಏಳನೇ ಫ್ರೆಟ್‌ನ ಕೊಕ್ಕೆಯಲ್ಲಿ ಎ, ಒಂಬತ್ತರಲ್ಲಿ ಬಿ. ಡಿ ಮೇಜರ್‌ಗೆ ಎ ಸಾಕು, ಇ ಮತ್ತು ಎ ಎರಡಕ್ಕೂ ಬಿ. ಸಿಕ್ಕಿಸಿದ ಮೇಲೆ ತಂತಿ ಸ್ವಲ್ಪ ಏರಿರುತ್ತದೆ, ಶ್ರುತಿ ಮತ್ತೆ ನೋಡಿಕೊಳ್ಳಿ.

ಕೆಲವರು ಐದನೇ ತಂತಿಯನ್ನೇ ತೆಗೆದುಬಿಡಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅದನ್ನು ತೆಗೆದರೆ ಕೈಯಲ್ಲಿ ಉಳಿಯುವುದು ಪ್ಲೆಕ್ಟ್ರಮ್ ಬ್ಯಾಂಜೋ, ಅದರ ದಾರಿಯೇ ಬೇರೆ. ಅಭ್ಯಾಸದ ವೇಳೆ ಮಾತ್ರ ಬ್ರಿಡ್ಜ್ ಬಳಿ ಐದನೇ ತಂತಿಯ ಕೆಳಗೆ ಸಣ್ಣ ಸ್ಪಂಜಿನ ಚೂರು ತೂರಿಸಿ. ಹೆಬ್ಬೆರಳು ಯೋಚಿಸದೆ ಅಲ್ಲಿಗೆ ಓಡಿದಾಗೆಲ್ಲ "ಟಪ್" ಎಂದು ಸಿಕ್ಕಿಬೀಳುತ್ತದೆ. ಒಂದು ವಾರ ಹೀಗೆ ನುಡಿಸಿದರೆ ಆ ತಂತಿ ಬೇಕಾದಾಗ ಮಾತ್ರ ಮೀಟುವ ಶಿಸ್ತು ಬರುತ್ತದೆ.

ಉತ್ತರ: ತಕಿಟತಕಿಟತಕ

ಮೇಲಿನದು ಎಡಗೈ ಲೆಕ್ಕ. ಬ್ಲೂಗ್ರಾಸ್ ವಾಸನೆ ಹೆಚ್ಚಾಗಿ ಬಲಗೈಯಿಂದ ಬರುವುದು.

ಹೆಬ್ಬೆರಳಿಗೆ "ಹೆ", ತೋರುಬೆರಳಿಗೆ "ತೋ", ನಡುಬೆರಳಿಗೆ "ನ" ಎಂದಿಟ್ಟುಕೊಳ್ಳಿ. ಫಾರ್ವರ್ಡ್ ರೋಲ್ ಎಂದರೆ ಹೆ-ತೋ-ನ, ಹೆ-ತೋ-ನ, ಹೆ-ನ. ಅಂದರೆ 3+3+2, ತಕಿಟ ತಕಿಟ ತಕ. ಲಯ ಕಲಿತ ಯಾರಿಗೂ ಇದು ಹೊಸದಲ್ಲ. ಹೆಬ್ಬೆರಳು ಬೀಳುವ ಕಡೆ ಒತ್ತು ಬೀಳುತ್ತದೆ ಎಂಬುದೊಂದೇ ಸೂತ್ರ. ನಿಮ್ಮ ಏಳು ಎಣಿಕೆ ದಾರಿ ತಪ್ಪುವುದು ಎಂಟರ ರೋಲ್‌ನ ಬಾಲ ಕತ್ತರಿಸಿ ಏಳು ಮಾಡಲು ಹೋಗಿರುವುದರಿಂದ. ಮಿಶ್ರ ಚಾಪುವಿನಂತೆ ಹೊಸದಾಗಿಯೇ ಕಟ್ಟಿ: ಹೆ-ತೋ-ನ, ಹೆ-ನ, ಹೆ-ನ. ಇದು 3+2+2. ಐದಕ್ಕೆ ಹೆ-ನ, ಹೆ-ತೋ-ನ, ಖಂಡ ಚಾಪುವಿನ ತಕ ತಕಿಟ. ಪ್ರತಿ ಆವರ್ತವೂ ಹೆಬ್ಬೆರಳಿನಿಂದಲೇ ಶುರುವಾಗುವುದರಿಂದ ಮತ್ತೆ ಸಮಕ್ಕೆ ಬರಲು ಕಷ್ಟಪಡಬೇಕಿಲ್ಲ. ಮೊದಲು ಬಾಯಲ್ಲಿ ಹೇಳುತ್ತ 60 ಬಿಪಿಎಂನಲ್ಲಿ, ತಂತಿಗಳನ್ನು ಎಡಗೈಯಿಂದ ಮುಚ್ಚಿಹಿಡಿದು ನುಡಿಸಿ. ಸ್ವರ ಕೇಳಿಸದೆ ಇದ್ದಾಗ ಒತ್ತು ಎಲ್ಲಿ ಜಾರುತ್ತಿದೆ ಎಂಬುದು ಬಯಲಾಗುತ್ತದೆ.

ನಾಲ್ಕು ಎಣಿಕೆಯ ಮೇಲೆ ಹೆ-ತೋ-ನ ಎಂದು ಮೂರರ ಗುಂಪುಗಳನ್ನೇ ಓಡಿಸಿದರೆ ಹನ್ನೆರಡು ಹೊಡೆತಕ್ಕೆ ಎರಡೂ ಮತ್ತೆ ಕೂಡುತ್ತವೆ. ಫ್ಯೂಷನ್‌ನಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಆದರೆ ಡ್ರಮ್ಸ್‌ನವರೂ ಅದೇ ಹೊತ್ತಿಗೆ ಇದೇ ಆಟಕ್ಕಿಳಿದರೆ ಸಮ ಹಿಡಿಯುವವರು ಯಾರೂ ಉಳಿಯುವುದಿಲ್ಲ. ಮೊದಲೇ ಮಾತಾಡಿಕೊಳ್ಳಿ.

ಸ್ವಿಂಗ್ ತುಕಡಿಗಳಲ್ಲಿ ರೋಲ್ ಪೂರ್ತಿ ನಿಲ್ಲಿಸಿ. ಸಮಾನ ಅಂತರದ ಹೊಡೆತಗಳ ಸಾಲು ಸ್ವಿಂಗ್‌ಗೆ ಅಡ್ಡ ಬರುತ್ತದೆ. ನಾಲ್ಕೂ ತಂತಿಗಳನ್ನು ಹಿಂಡಿದಂತೆ ಒಟ್ಟಿಗೆ ಮೀಟಿ, ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಮಾತ್ರ, ಮೀಟಿದ ತಕ್ಷಣ ಎಡಗೈ ಬೆರಳುಗಳನ್ನು ಸಡಿಲಿಸಿ ನಾದ ತುಂಡರಿಸಿ. ತೆರೆದ ತಂತಿ ಇರುವ ಆಕಾರಗಳಲ್ಲಿ ಈ ತುಂಡರಿಸುವುದು ಆಗುವುದಿಲ್ಲ, ಆಗ ಬಲಗೈಯ ಅಂಚನ್ನು ತಂತಿಗಳ ಮೇಲೆ ಊರಬೇಕು.

ಇನ್ನು ಒಂಟಿ ಸ್ವರಗಳ ಓಟ. ಬಿಲ್ ಕೀತ್ 1960ರ ದಶಕದಲ್ಲಿ ಜನಪ್ರಿಯಗೊಳಿಸಿದ ಮೆಲೊಡಿಕ್ ಶೈಲಿಯಲ್ಲಿ ಅಕ್ಕಪಕ್ಕದ ಸ್ವರಗಳು ಬೇರೆ ಬೇರೆ ತಂತಿಗಳಲ್ಲಿ ಬರುತ್ತವೆ, ಹಾರ್ಪ್‌ನಂತೆ ಒಂದರ ಮೇಲೊಂದು ಮಿಡಿಯುತ್ತವೆ. ಮೇಜರ್ ಸ್ಕೇಲಿಗೆ ಸೊಗಸು. ಆದರೆ ಜಿ, ಎಫ್ ಶಾರ್ಪ್, ಎಫ್ ಎಂಬ ಅರ್ಧಸ್ವರಗಳ ಇಳಿಕೆಯನ್ನು ಹಾಗೆ ನುಡಿಸಿದರೆ ಮೂರೂ ಒಟ್ಟಿಗೆ ಉಳಿದು ರಾಡಿ. ಬೀಬಾಪ್ (ವೇಗದ ಜಾಜ್ ಶೈಲಿ) ಸಾಲುಗಳಿಗೆ ಡಾನ್ ರೆನೊ ಅವರ ಸಿಂಗಲ್ ಸ್ಟ್ರಿಂಗ್ ದಾರಿಯೇ ಬೇಕು: ಒಂದೇ ತಂತಿಯಲ್ಲಿ ಹೆ-ತೋ-ಹೆ-ತೋ.

ಜಿ 7ರ ಮೇಲೆ ಇದನ್ನು ನುಡಿಸಿ ನೋಡಿ. ಒಂದನೇ ತಂತಿ 5, 4, 3, 2. ಎರಡನೇ ತಂತಿ 3, 1. ಮೂರನೇ ತಂತಿ 4, 2, ಕೊನೆಗೆ ತೆರೆದ ಮೂರನೇ ತಂತಿ. ಒಂದೊಂದು ಎಣಿಕೆಗೆ ಎರಡೆರಡು ಸ್ವರ. ಎಣಿಕೆಯ ಮೇಲೆ ಬೀಳುವುದು ಜಿ, ಎಫ್, ಡಿ, ಬಿ, ನಾಲ್ಕೂ ಕಾರ್ಡಿನವೇ. ಎಫ್ ಶಾರ್ಪ್ ಇಲ್ಲದೆ ಏಳೇ ಸ್ವರ ಇಳಿದರೆ ಮೂರನೇ ಸ್ವರದಿಂದಲೇ ಲೆಕ್ಕ ತಪ್ಪುತ್ತದೆ. ಡಿ ಮತ್ತು ಬಿ ತೆರೆದ ತಂತಿಗಳಲ್ಲೇ ಸಿಗುತ್ತವಲ್ಲ ಎಂದು ಆಸೆಪಡಬೇಡಿ, ಅವು ಮಿಡಿಯುತ್ತ ಉಳಿದು ಮುಂದಿನ ಸ್ವರವನ್ನು ನುಂಗುತ್ತವೆ.

ಉತ್ತರ: ಕೀಲಿಮಣೆ

ನಡುವೆ ಒಂದು ಸಂದೇಹ. ನಮ್ಮ ಕಡೆ ಬ್ಯಾಂಜೋ ಅಂದರೆ ಟೈಪ್‌ರೈಟರ್‌ನಂತೆ ಕೀಲಿಗಳಿರುವ ಪೆಟ್ಟಿಗೆ ವಾದ್ಯ. ಇದೆಲ್ಲ ಅದರಲ್ಲೂ ಆಗುತ್ತದೆಯೇ?

ಉತ್ತರ: ತಕಿಟತಕಿಟತಕ

ಅದು ಬುಲ್‌ಬುಲ್ ತರಂಗ್, ಜಪಾನಿನ ತೈಶೋಗೊತೊ ವಾದ್ಯದ ಸಂಬಂಧಿ. ಹೆಸರೊಂದೇ, ಕುಲ ಬೇರೆ. ಒಂದು ಕೈ ಕೀಲಿ ಒತ್ತಿ, ಇನ್ನೊಂದು ಕೈ ಕಡ್ಡಿಯಿಂದ ಎಲ್ಲ ತಂತಿಗಳನ್ನೂ ಒಟ್ಟಿಗೆ ಮೀಟುವುದರಿಂದ ಮೂರು ಬೆರಳಿನ ರೋಲ್ ಆಗುವುದಿಲ್ಲ. ಮೇಲೆ ಕೊಟ್ಟ ಒಂಟಿ ಸ್ವರಗಳ ಸಾಲು ಮಾತ್ರ ಧಾರಾಳವಾಗಿ ಆಗುತ್ತದೆ.

ಉತ್ತರ: ಡೆಸ್ಕ್‌ಹಿಂದೆ

ಊಳಿಡುವ ವಿಷಯಕ್ಕೆ ಬರೋಣ. ಬ್ಯಾಂಜೋ ಎಂದರೆ ತಂತಿ ಕಟ್ಟಿದ ಡೋಲು. ಡೋಲಿನ ಚರ್ಮದಂತೆ ಬಿಗಿದ 11 ಇಂಚಿನ ಹಾಳೆ ಸ್ಪೀಕರ್‌ನ ಗಾಳಿಗೆ ತಾನೇ ಅದುರುತ್ತದೆ, ಆ ಅದುರು ಮತ್ತೆ ಪಿಕಪ್‌ಗೆ ಹೋಗುತ್ತದೆ. ಹಾಗಾಗಿ ಈಕ್ವಲೈಸರ್ ಮುಟ್ಟುವ ಮುಂಚೆ ಹಾಳೆಯನ್ನೇ ಹತೋಟಿಗೆ ತನ್ನಿ. ರೆಸೊನೇಟರ್ ಬಿಚ್ಚಿ, ಒಳಗಿನ ಕಬ್ಬಿಣದ ಸರಳಿಗೂ ಹಾಳೆಗೂ ನಡುವೆ ಮಡಿಚಿದ ಬಟ್ಟೆಯನ್ನೋ ಫೋಮ್ ತುಂಡನ್ನೋ ತೂರಿಸಿ. ಬ್ರಿಡ್ಜ್‌ನ ನೇರ ಕೆಳಗೆ ಒತ್ತಿ ತುಂಬಿದರೆ ನಾದವೇ ಸಾಯುತ್ತದೆ; ಕುತ್ತಿಗೆಯ ಕಡೆಗೆ ಸರಿಸಿ, ಹಾಳೆಗೆ ಮೃದುವಾಗಿ ತಾಗುವಷ್ಟು ಸಾಕು.

ಪೀಜೊ (ಅದುರನ್ನು ವಿದ್ಯುತ್ ಸಂಕೇತವಾಗಿಸುವ) ಪಿಕಪ್ ಆಗಿದ್ದರೆ ಅದನ್ನು ನೇರ ಮಿಕ್ಸರ್‌ಗೆ ಚುಚ್ಚಬೇಡಿ. ಕನಿಷ್ಠ 1 ಮೆಗಾಓಮ್ ಇನ್‌ಪುಟ್ ಇರುವ ಪ್ರೀಆಂಪ್ ಬೇಕು. ಕಡಿಮೆ ಇಂಪಿಡೆನ್ಸ್‌ಗೆ ಹಾಕಿದರೆ ಕೆಳಗಿನ ಸ್ವರಗಳು ಸೋರಿಹೋಗಿ ತಗಡು ಬಡಿದ ಸದ್ದು ಮಾತ್ರ ಉಳಿಯುತ್ತದೆ. ಎಷ್ಟೋ ಜನ ಆ ತಪ್ಪನ್ನು ವಾದ್ಯದ ತಲೆಗೆ ಕಟ್ಟುತ್ತಾರೆ.

ಆಮೇಲೆ ಈಕ್ವಲೈಸರ್. ನಿಮ್ಮ ಅತಿ ಕೆಳಗಿನ ಸ್ವರ ಡಿ, ಸುಮಾರು 147 ಹರ್ಟ್ಜ್. ಅದಕ್ಕಿಂತ ಕೆಳಗಿರುವುದು ಬರೀ ಬಡಿತದ ಸದ್ದು, 120ರಲ್ಲಿ ಹೈಪಾಸ್ ಹಾಕಿ ಕತ್ತರಿಸಿ. ಊಳು ಸಾಮಾನ್ಯವಾಗಿ 200ರಿಂದ 400 ಹರ್ಟ್ಜ್ ನಡುವೆ ಎಲ್ಲೋ ಹುಟ್ಟುತ್ತದೆ. ಕಿರಿದಾದ ಬ್ಯಾಂಡನ್ನು ಮೊದಲು ಏರಿಸಿ, ಎಲ್ಲಿ ಕೂಗುತ್ತದೆ ಎಂದು ಹುಡುಕಿ, ಅಲ್ಲೇ 6 ಡೆಸಿಬೆಲ್ ಇಳಿಸಿ. ಕಿವಿಗೆ ಚುಚ್ಚುವುದು 2ರಿಂದ 4 ಕಿಲೋಹರ್ಟ್ಜ್‌ನಲ್ಲಿ, ಅಲ್ಲಿ 2-3 ಡೆಸಿಬೆಲ್‌ಗಿಂತ ಹೆಚ್ಚು ತೆಗೆದರೆ ಡ್ರಮ್ಸ್ ನಡುವೆ ಬ್ಯಾಂಜೋ ಕಾಣೆಯಾಗುತ್ತದೆ.

ಕಂಪ್ರೆಸರ್ (ಸದ್ದಿನ ಏರಿಳಿತ ತಗ್ಗಿಸುವ ಸಾಧನ) 3:1, ಅಟ್ಯಾಕ್ 20ರಿಂದ 30 ಮಿಲಿಸೆಕೆಂಡ್. ಅದಕ್ಕಿಂತ ವೇಗವಾಗಿಟ್ಟರೆ ಮೀಟಿನ ಮೊನೆಯೇ ಮುರಿಯುತ್ತದೆ, ಬ್ಯಾಂಜೋದಲ್ಲಿ ಇರುವುದೇ ಆ ಮೊನೆ. ಡಿಲೇ ಬಳಸುವುದಾದರೆ 60,000ವನ್ನು ಬಿಪಿಎಂನಿಂದ ಭಾಗಿಸಿ 0.75ರಿಂದ ಗುಣಿಸಿ: 120ಕ್ಕೆ 375 ಮಿಲಿಸೆಕೆಂಡ್. ರೋಲ್ ಮೇಲೆ ಮಾತ್ರ ಡಿಲೇ ಬೇಡ, ಜೇನುಗೂಡಿಗೆ ಕಲ್ಲು ಹೊಡೆದಂತಾಗುತ್ತದೆ. ಬಿಡಿ ಬಿಡಿ ಸ್ವರಗಳಿಗೆ ಇರಲಿ.

ಓವರ್‌ಡ್ರೈವ್ ಹಾಳೆ ಇರುವ ವಾದ್ಯಕ್ಕೆ ಸಲ್ಲದು ಎಂಬುದು ನನ್ನ ಅಭಿಪ್ರಾಯ. ಗಿಟಾರ್‌ನಂತೆ ಉರಿಯಬೇಕೆಂದರೆ ಮ್ಯಾಗ್ನೆಟಿಕ್ ಪಿಕಪ್ ಇರುವ ಎಲೆಕ್ಟ್ರಿಕ್ ಬ್ಯಾಂಜೋ ತೆಗೆದುಕೊಳ್ಳಿ.

ಉತ್ತರ: ಮೈನರ್‌ಒಂಬತ್ತು

ಓವರ್‌ಡ್ರೈವ್ ಬಗ್ಗೆ ಅಷ್ಟು ಕಡ್ಡಿ ಮುರಿದಂತೆ ಹೇಳಲಾರೆ. ಗೇನ್ ಕಾಲುಭಾಗಕ್ಕಿಟ್ಟು, ಮುಂದೆ ಕಂಪ್ರೆಸರ್ ಹಾಕಿ, ಒಂಟಿ ಸ್ವರಗಳಿಗೆ ಮಾತ್ರ ಬಳಸಿದರೆ ನಡೆಯುತ್ತದೆ. ಕಾರ್ಡ್‌ಗಳಿಗೆ ಬೇಡ, ಒಂಬತ್ತು ಮತ್ತು ಹದಿಮೂರರ ಸ್ವರಗಳು ಗಂಜಿಯಾಗುತ್ತವೆ.

ಯಾರ ನುಡಿಸಾಣಿಕೆ ಕೇಳಬೇಕು ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬ್ಯಾಂಜೋ ವಾದಕ ಬೇಲಾ ಫ್ಲೆಕ್ 1988ರಲ್ಲಿ ಕಟ್ಟಿದ ಫ್ಲೆಕ್‌ಟೋನ್ಸ್ ತಂಡದಲ್ಲಿ ವಿಕ್ಟರ್ ವೂಟನ್ ಅವರ ಬಾಸ್, ಹವರ್ಡ್ ಲೀವಿ ಅವರ ಹಾರ್ಮೋನಿಕಾ ಮತ್ತು ಕೀಬೋರ್ಡ್. ಗಿಟಾರ್ ಇಲ್ಲದ್ದರಿಂದ ನಡುವಿನ ಜಾಗ ಬ್ಯಾಂಜೋಗೆ ತೆರವಾಗಿರುವುದನ್ನು ಗಮನಿಸಿ. ನಿಮ್ಮ ಕೀಬೋರ್ಡಿನವರು ಎಡಗೈಯಲ್ಲಿ ದಪ್ಪ ಕಾರ್ಡ್ ಹಿಡಿಯುವುದನ್ನು ಕಡಿಮೆ ಮಾಡಿದರೆ ನಿಮ್ಮ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ಅಂದಹಾಗೆ ಬ್ಯಾಂಜೋ ಜಾಜ್‌ಗೆ ಹೊಸ ನೆಂಟನೇನಲ್ಲ. 1925ರಲ್ಲಿ ಧ್ವನಿಮುದ್ರಣ ಆರಂಭಿಸಿದ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಹಾಟ್ ಫೈವ್‌ನಲ್ಲಿ ಜಾನಿ ಸೇಂಟ್ ಸಿರ್ ಬ್ಯಾಂಜೋ ಹಿಡಿದಿದ್ದರು. ಮುಂದಿನ ದಶಕದಲ್ಲಿ ಗಿಟಾರ್ ಆ ಕುರ್ಚಿಯಲ್ಲಿ ಕೂತಿತು.

ಐದುತಂತಿ

ಜಿ 13 ಆಕಾರ ಕೂತಿತು, ಧನ್ಯವಾದ. ಎರಡು ಮರುಪ್ರಶ್ನೆ. ಎಫ್ ಮೇಜರ್‌ನ 8-7-6-7 ಆಕಾರದಲ್ಲಿ ಮೂರನೇ ತಂತಿ ಏರಿದಂತೆ ಕೇಳುತ್ತದೆ, ಕೆಳಗೆ ಸರಿಯಿದೆ. ಮತ್ತೆ, ರಾಗದ ತುಣುಕು ಬೆರೆಸುವಾಗ ಗಮಕ ಎಳೆದರೆ ನಾದ ನಡುದಾರಿಯಲ್ಲೇ ಸಾಯುತ್ತದೆ.

ಉತ್ತರ: ತಕಿಟತಕಿಟತಕ

ಮೊದಲನೆಯದು ಬ್ರಿಡ್ಜ್. ಅದನ್ನು ಯಾರೂ ಅಂಟಿಸಿರುವುದಿಲ್ಲ, ತಂತಿಗಳ ಒತ್ತಡಕ್ಕೆ ಹಾಳೆಯ ಮೇಲೆ ನಿಂತಿರುತ್ತದೆ, ಎಳೆದಾಡಿದರೆ ಜರುಗುತ್ತದೆ. ಒಂದನೇ ತಂತಿಯ ಹನ್ನೆರಡನೇ ಫ್ರೆಟ್‌ನಲ್ಲಿ ಹಾರ್ಮೋನಿಕ್ ಮತ್ತು ಒತ್ತಿದ ಸ್ವರ ಹೋಲಿಸಿ. ಒತ್ತಿದ್ದು ಏರಿದ್ದರೆ ಬ್ರಿಡ್ಜನ್ನು ಬಾಲದ ಕಡೆಗೆ, ಇಳಿದಿದ್ದರೆ ಕುತ್ತಿಗೆಯ ಕಡೆಗೆ ಕೂದಲೆಳೆಯಷ್ಟು ಸರಿಸಿ. ಅದಾದ ಮೇಲೂ ಮೂರನೇ ತಂತಿ ಒಂದೇ ಏರಿದ್ದರೆ ಆ ತಂತಿಯ ಜಾಗದಲ್ಲಿ ಹಿಂದಕ್ಕೆ ಕೊರೆದಿರುವ ಕಾಂಪೆನ್ಸೇಟೆಡ್ ಬ್ರಿಡ್ಜ್ ಹಾಕಿಸಿ. ಈಗಿರುವ ಬ್ರಿಡ್ಜ್‌ನಷ್ಟೇ ಎತ್ತರದ್ದು ತನ್ನಿ, ಇಲ್ಲವಾದರೆ ತಂತಿಯ ಎತ್ತರವೂ ಬದಲಾಗಿ ಇನ್ನೊಂದು ರಗಳೆ.

ಗಮಕದ ಮಾತು: ಬ್ಯಾಂಜೋ ನಾದಕ್ಕೆ ಆಯುಸ್ಸು ಕಡಿಮೆ. ವೀಣೆಯಂತೆ ಒಂದೇ ಮೀಟಿನಲ್ಲಿ ಮೂರು ಸ್ವರ ಎಳೆಯಲು ಹೋಗಬೇಡಿ. ಒಂದು ಮೀಟಿಗೆ ಒಂದೇ ಜಾರು, ಅದೂ ಎರಡು ಫ್ರೆಟ್ ಒಳಗೆ; ಮುಂದಿನ ಸ್ವರಕ್ಕೆ ಮತ್ತೆ ಮೀಟಿ. ತೋಡಿ, ವರಾಳಿಯಂಥವನ್ನು ದೂರವಿಡಿ. ಓಪನ್ ಜಿ ಎಂದರೆ ಜಿಯನ್ನು ಷಡ್ಜ ಮಾಡಿದಾಗ ಪ-ಸ-ಗ-ಪ, ಮೇಲೆ ಸ. ಹಂಸಧ್ವನಿ, ಮೋಹನ ಎರಡಕ್ಕೂ ಹೇಳಿ ಮಾಡಿಸಿದಂತಿದೆ. ಖರಹರಪ್ರಿಯದ ಸ್ವರಗಳು, ಅಂದರೆ ಜಾಜ್‌ನವರ ಡೋರಿಯನ್ ಬೇಕಾದಾಗ ಆ ಅಂತರ ಗಾಂಧಾರ ಅಡ್ಡಬರುತ್ತದೆ. ಎರಡನೇ ತಂತಿಯನ್ನು ಬಿಯಿಂದ ಸಿಗೆ ಏರಿಸಿ. ಆಗ ತೆರೆದ ತಂತಿಗಳು ಪ-ಸ-ಮ-ಪ, ಗಾಂಧಾರವನ್ನು ನೀವೇ ಒತ್ತಿ ತೋರಿಸಬೇಕು. ಈ ಶ್ರುತಿಯಲ್ಲಿ ಮೇಲಿನ ಕಾರ್ಡ್ ಆಕಾರಗಳಲ್ಲಿ ಎರಡನೇ ತಂತಿಯ ಸಂಖ್ಯೆ ಒಂದೊಂದು ಕಡಿಮೆಯಾಗುತ್ತದೆ: ಡಿ ಮೈನರ್ 9 ಈಗ 3-2-0-2. ಜಿ 13 ಮತ್ತು ಸಿ ಮೇಜರ್ 9 ಮಾತ್ರ ಇಲ್ಲಿ ಸಿಗುವುದಿಲ್ಲ, ಏಕೆಂದರೆ ಆ ತಂತಿಯಲ್ಲಿ ಬಿ ಈಗ ನಟ್‌ಗಿಂತ ಕೆಳಗಿದೆ. ಅಂಥ ತುಕಡಿಗೆ ಹಳೆಯ ಶ್ರುತಿಯೇ ಇರಲಿ.